ಉಪ್ಪಿನ ಬಯಲಿನ ದಕ್ಷಿಣ ಧ್ರುವ

ಅಂಟಾರ್ಕ್ಟಿಕಾದಲ್ಲಿ ಒಂದು ಕೆಂಪು ಜಲಪಾತ ಇದೆ ಎಂದು ಓದಿದ ದಿನ, ಕತಾರಿನ ನಜ್ಮಾ ಬಡಾವಣೆಯ ನಮ್ಮ ರೂಮಿನಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದವರನ್ನೆಲ್ಲ ನಾನು ಎಬ್ಬಿಸಿದ್ದೆ. ಬೆಳ್ಳಗಿನ ಹಿಮನದಿಯ ತುದಿಯಿಂದ ರಕ್ತದ ಹಾಗೆ ಕೆಂಪು ನೀರು ಇಳಿಯುತ್ತದೆ. ರಕ್ತ ಅಲ್ಲ. ಯಾವುದೋ ಕಾಲದಲ್ಲಿ ಮಂಜುಗಡ್ಡೆಯ ಅಡಿಯಲ್ಲಿ ಸಿಕ್ಕಿಬಿದ್ದ ಉಪ್ಪುನೀರು, ಅದರಲ್ಲಿ ಕಬ್ಬಿಣದ ಅಂಶ. ಹೊರಗಿನ ಗಾಳಿ ತಾಗಿದ ಕೂಡಲೇ ನೀರಿಗೇ ತುಕ್ಕು ಹಿಡಿಯುತ್ತದೆ!

ಭಾವ ಹೊದಿಕೆಯೊಳಗಿಂದಲೇ ಹೇಳಿದರು: "ನಮ್ಮ ಬಾತ್‌ರೂಮಿನ ನಲ್ಲಿಯಲ್ಲಿಯೂ ಅದೇ ಬರ್ತದಲ್ಲ ಮಾರಾಯ. ಅದನ್ನು ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಮಲಗು."

ಭಾವ ಎಂದರೆ ನನ್ನ ಅಕ್ಕನ ಗಂಡ. ಕಟ್ಟಡದ ಸಾಮಾನು ಮಾರುವ ಕಂಪನಿಯೊಂದರಲ್ಲಿ ಡ್ರೈವರ್. ನನ್ನನ್ನು ಕತಾರಿಗೆ ಕರೆಸಿಕೊಂಡವರೂ, ಫ್ರಿಜ್ಜು ಏಸಿ ರಿಪೇರಿ ಅಂಗಡಿಯಲ್ಲಿ ಹೆಲ್ಪರ್ ಕೆಲಸಕ್ಕೆ ಸೇರಿಸಿದವರೂ ಅವರೇ. ಅವರದ್ದು ಒಂದೇ ಮಾತು, "ನಾನು ನೋಡ್ತೇನೆ." ಗ್ಯಾಸ್ ಮುಗಿದರೆ ನಾನು ನೋಡ್ತೇನೆ, ಮಾಲೀಕ ಬೈದರೆ ನಾನು ನೋಡ್ತೇನೆ. ಅವರು ನೋಡುತ್ತಲೂ ಇದ್ದರು. ಹಾಗಾಗಿ ನನಗೆ ಆ ಊರಿನಲ್ಲಿ ಹೆದರಿಕೆ ಎನ್ನುವುದು ಏನೆಂದು ಗೊತ್ತಿರಲಿಲ್ಲ.

ಅಂಟಾರ್ಕ್ಟಿಕಾ ನನಗೆ ಸಿಕ್ಕಿದ್ದು ಒಂದು ಹಳೆಯ ಫ್ರಿಜ್ಜಿನ ಜೊತೆ. ಊರಿಗೆ ಹೊರಟಿದ್ದ ಯಾರೋ ಬಿಳಿಯರು ನಮ್ಮ ಅಂಗಡಿಗೆ ಫ್ರಿಜ್ಜು ಮಾರಿದ್ದರು, ಅದರೊಳಗೆ ಹಳೆಯ ಇಂಗ್ಲಿಷ್ ಮ್ಯಾಗಜಿನುಗಳನ್ನು ತುಂಬಿಸಿ ಬಿಟ್ಟಿದ್ದರು. ನಾನು ಪಿಯುಸಿ ಫೇಲು. ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಶಬ್ದ ಹುಡುಕಿ ಓದಿದೆ. ಮನೆಯಷ್ಟು ಎತ್ತರದ ಮಂಜಿನ ಗೋಡೆ, ಅದರ ಹಿಂದೆ ಒಂದು ದೇಶದಷ್ಟು ಅಗಲದ ಸಮತಟ್ಟು ಹಿಮದ ಚಪ್ಪಡಿ. ಹಿಮದ ಮಧ್ಯೆ ಹೊಗೆಯಾಡುವ ಎರೆಬಸ್ ಎನ್ನುವ ಅಗ್ನಿಪರ್ವತ, ಅದರ ಬಾಯಿಯಲ್ಲಿ ಕುದಿಯುವ ಕಲ್ಲಿನ ಕೆರೆ. ಹಿಮವೇ ನಿಲ್ಲದ ಒಣ ಕಣಿವೆಗಳು, ಅಲ್ಲಿ ಎಷ್ಟು ಚಳಿಯಾದರೂ ಹೆಪ್ಪುಗಟ್ಟದ ಒಂದು ಉಪ್ಪಿನ ಕೊಳ. ಕುದುರೆ ಲಾಳದ ಆಕಾರದ ಒಂದು ದ್ವೀಪ, ಅಲ್ಲಿನ ಕಪ್ಪು ಮರಳನ್ನು ಕೈಯಿಂದ ತೋಡಿದರೆ ಬಿಸಿನೀರು. ಮ್ಯಾಗಜಿನ್ನಿನಲ್ಲಿ ಬಂದಿದ್ದ ದೊಡ್ಡ ನಕ್ಷೆಯನ್ನು ಬಿಡಿಸಿ ನನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೆ. ಗೋಡೆಯಲ್ಲಿ ಏಸಿಯ ನೀರು ಇಳಿದು ನಕ್ಷೆಯ ಒಂದು ಮೂಲೆ ಯಾವಾಗಲೂ ಒದ್ದೆ. ರೂಮಿನವರು ನನಗೆ ಪೆಂಗ್ವಿನ್ ಎಂದು ಹೆಸರಿಟ್ಟಿದ್ದರು.

ನನ್ನ ಮಾತನ್ನು ಪೂರ್ತಿ ಕೇಳುತ್ತಿದ್ದವರು ಒಬ್ಬರೇ. ಗೋಕರ್ಣದ ಕಡೆಯವರು, ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ದೊಡ್ಡವರು, ಎಲ್ಲರಿಗೂ ಅಣ್ಣ. ಒಂದು ಕಟ್ಟಡದ ವಾಚ್‌ಮನ್. ಮಂಡಿನೋವಿನಿಂದ ಸ್ವಲ್ಪ ಕುಂಟುತ್ತಿದ್ದರು. ಊರಿನಲ್ಲಿ ಅವರ ಮನೆಯವರದ್ದು ಉಪ್ಪಿನಾಗರದ ಕೆಲಸ. ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಎಳೆಯುವ ಕೆಲಸ. ನಾನೂ ಭಾವನೂ ಮಾತಾಡುವಾಗ ತುಳು. ಅಣ್ಣ ಇದ್ದರೆ ಕನ್ನಡ.

ಆ ಶುಕ್ರವಾರ ನಾವು ಮೂವರು ಹೊರಟದ್ದು ಮೀನು ಹಿಡಿಯಲಿಕ್ಕೆ. ಬೇಸಿಗೆ ಶುರುವಾಗಿತ್ತು. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಕಾಲ. ಕಂಪನಿಯ ಪಿಕಪ್ಪಿನ ಹಿಂದೆ ಗಾಳ, ಥರ್ಮೊಕೋಲಿನ ಪೆಟ್ಟಿಗೆಯಲ್ಲಿ ಐಸು, ಚಹಾಕ್ಕೆ ಸಣ್ಣ ಸೀಮೆಎಣ್ಣೆ ಸ್ಟೋವು, ಚಾಪೆ, ಒಂದು ದೊಡ್ಡ ಜಗ್ಗು ನೀರು. ವಕ್ರಾ ದಾಟಿ ಉಮ್ ಸಯೀದ್ ಕಡೆಗೆ ಹೋಗುವಾಗ ರಸ್ತೆಯ ಎಡಗಡೆ ಅದು ಕಂಡಿತು. ಹಿಂದೆ ಕೆಲಸಕ್ಕೆ ಹೋಗುವಾಗ ಒಮ್ಮೆ ಕಂಡಿದ್ದೆ, ಅವತ್ತಿನಿಂದ ಭಾವನ ತಲೆ ತಿನ್ನುತ್ತಿದ್ದೆ. ಕಣ್ಣು ಹೋಗುವಷ್ಟು ದೂರ ಬಿಳಿ. ಒಂದು ಗಿಡ ಇಲ್ಲ, ಕಲ್ಲಿಲ್ಲ, ಏರು ಇಲ್ಲ, ತಗ್ಗು ಇಲ್ಲ. ಅರಬರು ಅದಕ್ಕೆ ಸಬ್ಖಾ ಎನ್ನುತ್ತಾರೆ, ಉಪ್ಪು ಮೇಲೆದ್ದು ಹೆಪ್ಪುಗಟ್ಟಿದ ಬಯಲು. ನನ್ನ ಕಣ್ಣಿಗೆ ಅದು ಆ ಹಿಮದ ಚಪ್ಪಡಿಯೇ.

"ಭಾವ, ನಿಲ್ಲಿಸಿ! ಒಂದು ನಿಮಿಷ!"

"ಬಂತು ನೋಡಿ ಇವನ ಅತ್ತೆ ಮನೆ" ಎಂದರು ಭಾವ. ಆದರೂ ನಿಲ್ಲಿಸಿದರು.

ನಾನು ಇಳಿದು ಓಡಿದೆ. ಮೇಲ್ಪದರ ಕಾಲಡಿಯಲ್ಲಿ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಗಾಳಿ ಕೊರೆದ ಸಣ್ಣ ಸಣ್ಣ ಅಲೆಗಳು, ಪುಸ್ತಕದಲ್ಲಿ ಹಿಮದ ಮೇಲೆ ಕಂಡಂಥವೇ. ಎಷ್ಟು ಖುಷಿಯಾಯಿತು ಎಂದರೆ ಬಗ್ಗಿ ನೆಕ್ಕಿಯೂ ನೋಡಿದೆ. ಅಣ್ಣ ನಗುತ್ತ ಇಳಿದು ಬಂದರು.

ಬಿಳಿಯ ಮೇಲೆ ಯಾರದೋ ಹಳೆಯ ಟೈರಿನ ಗುರುತು ನೇರ ಸಮುದ್ರದ ದಿಕ್ಕಿಗೆ ಹೋಗಿತ್ತು. ರಸ್ತೆಯಲ್ಲಿ ಸುತ್ತಿಕೊಂಡು ಹೋಗುವ ಬದಲು ಇದರಲ್ಲೇ ಹೋದರೆ ಬೇಗ ಮುಟ್ಟಬಹುದು ಎಂದು ಭಾವನಿಗೆ ಅನಿಸಿತು. ನಾನು ನನ್ನ ಜ್ಞಾನ ತೆಗೆದೆ. ಹಿಮದ ಚಪ್ಪಡಿಯ ಮೇಲೆ ಆಳದ ಬಿರುಕುಗಳಿರುತ್ತವೆ, ಮೇಲೆ ತೆಳು ಹಿಮ ಮುಚ್ಚಿ ನೆಲದ ಹಾಗೆಯೇ ಕಾಣುತ್ತದೆ, ಹೋದವರೆಲ್ಲ ಕೋಲಿನಿಂದ ಚುಚ್ಚಿ ನೋಡಿಕೊಂಡೇ ಹೋಗುತ್ತಿದ್ದರು ಎಂದೆ.

"ಹೆದರೂಕೆ ಎಂತ ಇತ್ತು ತಮಾ" ಎಂದರು ಅಣ್ಣ. "ಇದು ಉಪ್ಪು. ಉಪ್ಪಿನ ಅಡಿಗೆ ನೆಲ ಕಲ್ಲಿನಂಗೆ ಇರ್ತದೆ. ನಾ ಹುಟ್ಟಿದ್ದೇ ಅದರ ಮೇಲೆ. ನಮ್ಮಲ್ಲಿ ಆಗರದ ನೆಲದ ಮೇಲೆ ಎತ್ತಿನ ಗಾಡಿ ನಿಲ್ಸಿದ್ರೂ ಒಂದು ಗೀರು ಬೀಳೂದಿಲ್ಲ."

"ಕೇಳಿದ್ಯಾ ಪೆಂಗ್ವಿನ್?" ಭಾವ ಗೇರು ಹಾಕಿದರು. "ಉಪ್ಪಿನ ಡಾಕ್ಟ್ರು ಹೇಳಿ ಆಯ್ತು. ಹತ್ತು."

ಸ್ವಲ್ಪ ದೂರ ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ದೂರವೂ ಆಗಲಿಲ್ಲ. ಗಾಡಿ ಸಿಮೆಂಟಿನ ಮೇಲೆ ಹೋದ ಹಾಗೆ ಹೋಯಿತು. ಭಾವ ಎಕ್ಸಿಲರೇಟರ್ ಒತ್ತಿದರು, ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗುತ್ತಿದ್ದೆ. ಹಿಂದಿರುಗಿ ನೋಡಿದರೆ ರಸ್ತೆ ಕಾಣುತ್ತಲೇ ಇರಲಿಲ್ಲ. ಆಮೇಲೆ ಹಳೆಯ ಟೈರಿನ ಗುರುತು ಒಂದು ಕಡೆ ಬಳಸಿ ತಿರುಗಿತು. ಭಾವ ನೇರ ಹೋದರು. ಆ ಗಾಡಿಯವನು ಯಾಕೆ ತಿರುಗಿಸಿರಬಹುದು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದೊಡ್ಡ ಶಬ್ದವೇನೂ ಆಗಲಿಲ್ಲ. ಮುಂದಿನ ಚಕ್ರ ಎರಡೂ ಮೆಲ್ಲಗೆ ಕೆಳಗೆ ಹೋದವು, ಗಾಡಿ ಮೂಗು ಊರಿ ನಿಂತಿತು. ಇಳಿದು ನೋಡಿದರೆ ಬಿಳಿ ಪದರದ ಅಡಿಯಲ್ಲಿ ಬೂದು ಬಣ್ಣದ ಕೆಸರು. ನಮ್ಮ ಊರಿನ ಅಳಿವೆಯಲ್ಲಿ ನೀರು ಇಳಿದಾಗ ಬರುವ ವಾಸನೆ. ಮೊದಲು ನಗು ಬಂತು. ಭಾವ ರಿವರ್ಸ್ ಹಾಕಿದರು, ಹಿಂದಿನ ಚಕ್ರಗಳೂ ತೋಡಿಕೊಂಡು ಇಳಿದವು. ಚಾಪೆ ಮಡಚಿ ಚಕ್ರದಡಿ ಇಟ್ಟೆವು, ಚಾಪೆ ಒಳಗೆ ಹೋಯಿತು. ಐಸಿನ ಪೆಟ್ಟಿಗೆಯ ಮುಚ್ಚಳ ಇಟ್ಟೆವು, ಅದು ಪುಡಿಪುಡಿಯಾಯಿತು. ಬೋಗುಣಿಯಿಂದ, ಕೈಯಿಂದ ಕೆಸರು ತೋಡಿದೆವು. ತೋಡಿದಷ್ಟೂ ಗುಂಡಿಗೆ ಉಪ್ಪುನೀರು ತುಂಬಿಕೊಳ್ಳುತ್ತಿತ್ತು. ಉಗುರಿನ ಸಂದಿಯೆಲ್ಲ ಉರಿ. ಕೊನೆಗೆ ಚಾಸಿಯೇ ನೆಲದ ಮೇಲೆ ಕೂತಿತು, ಚಕ್ರ ಸುಮ್ಮನೆ ಗಾಳಿಯಲ್ಲಿ ತಿರುಗಿದ ಹಾಗೆ ತಿರುಗಿತು.

ಇಂಜಿನ್ ಕುದಿದು ಬಾನೆಟ್ಟಿನಿಂದ ಹಬೆ ಬಂತು. ಭಾವ ಜಗ್ಗನ್ನು ಎತ್ತಿ ಅರ್ಧಕ್ಕಿಂತ ಹೆಚ್ಚು ನೀರನ್ನು ರೇಡಿಯೇಟರಿಗೆ ಹೊಯ್ದರು.

"ಭಾವ! ಕುಡಿಯುವ ನೀರು!"

"ಗಾಡಿ ಉಳಿದ್ರೆ ನಾವು ಉಳಿದ ಹಾಗೆ. ಸುಮ್ಮನಿರು."

ಗಾಡಿ ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ತೋಡಿಕೊಂಡಿತು, ಮತ್ತೆ ಕುದಿಯಿತು. ಸೂರ್ಯ ನೆತ್ತಿಗೆ ಬಂದಿದ್ದ. ಕೆಳಗಿನ ಬಿಳಿ ಮೇಲಿನ ಬಿಸಿಲನ್ನು ವಾಪಸು ಮುಖಕ್ಕೆ ಎಸೆಯುತ್ತಿತ್ತು. ಗಲ್ಲದ ಅಡಿ, ಮೂಗಿನ ಹೊಳ್ಳೆಯ ಒಳಗೆ ಕೂಡ ಸುಟ್ಟ ಹಾಗೆ. ಹಿಮದಲ್ಲಿ ಹೋದವರಿಗೆ ನಾಲಗೆಯ ಅಡಿಯೂ ಬಿಸಿಲಿಗೆ ಬೇಯುತ್ತದೆ ಎಂದು ಓದಿ ನಾನು ನಂಬಿರಲಿಲ್ಲ. ಆಗ ಯಾರ ಕೈಯಲ್ಲಿಯೂ ಫೋನು ಎನ್ನುವುದು ಇರಲಿಲ್ಲ. ನಾವು ಎಲ್ಲಿಗೆ ಹೋಗಿದ್ದೇವೆ ಎಂದು ರೂಮಿನಲ್ಲಿ ಸರಿಯಾಗಿ ಹೇಳಿರಲೂ ಇಲ್ಲ. ಮೀನಿಗೆ ಎಂದಿದ್ದೆವು, ಅಷ್ಟೇ.

ದೂರದಲ್ಲಿ, ಬಿಳಿಯ ಅಂಚಿನಲ್ಲಿ, ಎಣ್ಣೆ ಕಾರ್ಖಾನೆಯ ಚಿಮಣಿಯ ಬೆಂಕಿ ಕಾಣುತ್ತಿತ್ತು. ಕೈ ಚಾಚಿದರೆ ಸಿಗುವ ಹಾಗೆ. ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ಅದನ್ನೇ ನೋಡಿದರು.

"ನಾನು ನೋಡ್ತೇನೆ" ಎಂದರು.

ನಡೆದು ಹೋಗುವುದು ಬೇಡ ಭಾವ, ಅದು ಕಂಡಷ್ಟು ಹತ್ತಿರ ಇರುವುದಿಲ್ಲ ಎಂದೆ. ಎರೆಬಸ್ ಪರ್ವತವೂ ಹಾಗೆಯೇ. ಅಲ್ಲಿನ ಗಾಳಿಯಲ್ಲಿ ಧೂಳಿಲ್ಲ, ಮಧ್ಯದಲ್ಲಿ ಮರ ಮನೆ ಏನೂ ಇಲ್ಲ, ಕಣ್ಣಿಗೆ ಅಳತೆ ಸಿಗುವುದಿಲ್ಲ. ಊಟದೊಳಗೆ ಹೋಗಿ ಬರುವಾ ಎಂದು ಹೊರಟವರು ಇಡೀ ದಿನ ನಡೆದರೂ ಪರ್ವತ ಅಷ್ಟೇ ದೂರ ನಿಂತಿರುತ್ತಿತ್ತಂತೆ. ಅದನ್ನು ಹೇಳಿದೆ. ಅದು ಸಾಲಲಿಲ್ಲ ಎಂದು ಶಿಲುಬೆಯ ಕತೆಯನ್ನೂ ಹೇಳಿದೆ. ಅಲ್ಲಿ ಕಡಲ ದಂಡೆಯಲ್ಲಿ ಹಳೆಯ ಕಾಲದ ಮರದ ಮನೆಗಳಿವೆ. ಕಪಾಟಿನಲ್ಲಿ ಅವರು ಬಿಟ್ಟುಹೋದ ಡಬ್ಬಿಗಳು, ಬೂಟುಗಳು ಇನ್ನೂ ಹಾಗೆಯೇ ಇವೆ, ಚಳಿಗೆ ಏನೂ ಕೊಳೆಯುವುದಿಲ್ಲ. ಅಂಥ ಒಂದು ಮನೆಯಲ್ಲಿ ಕೆಲವರು ಸೀಲಿನ ಮಾಂಸ ತಿಂದು ಕಾಯುತ್ತಿದ್ದರು. ಕೊಲ್ಲಿಯ ಆಚೆ ಇನ್ನೊಂದು ಮನೆ. ಮಧ್ಯೆ ಸಮುದ್ರ ಹೆಪ್ಪುಗಟ್ಟಿತ್ತು, ಗಟ್ಟಿಯಾಗಿರಲಿಲ್ಲ. ಇಬ್ಬರಿಗೆ ಕಾಯಲಿಕ್ಕೆ ಆಗಲಿಲ್ಲ. ಉಳಿದವರು ಬೇಡ ಬೇಡ ಎಂದರೂ ನಡೆದು ಹೋದರು. ಹೋದ ಹೆಜ್ಜೆ ಸ್ವಲ್ಪ ದೂರ ಇತ್ತಂತೆ, ಆಮೇಲೆ ಮಂಜುಗಡ್ಡೆ ಒಡೆದು ಹೋದ ಅಂಚು. ಈಗ ಅಲ್ಲಿ ಗುಡ್ಡದ ಮೇಲೆ ಒಂದು ಶಿಲುಬೆ ನಿಂತಿದೆ. ಮನೆಯಲ್ಲಿ ಉಳಿದವರು ಬದುಕಿದರು.

"ನಿನ್ನ ಪುಸ್ತಕದಲ್ಲಿ ಚಳಿ ಮಾರಾಯ. ಇಲ್ಲಿ ಕೂತ್ರೆ ಬೇಯುವುದೇ."

"ಹಾಗಾದ್ರೆ ನಮ್ಮ ಟೈರಿನ ಗುರುತು ಹಿಡಿದು ವಾಪಸ್ ಹೋಗಿ ಭಾವ. ಅದು ರಸ್ತೆಗೆ ಹೋಗಿಯೇ ಹೋಗ್ತದೆ."

"ಶುಕ್ರವಾರ ಮಧ್ಯಾಹ್ನ ಆ ರಸ್ತೆಯಲ್ಲಿ ಯಾರು ಬರ್ತಾರೆ? ನಿನ್ನ ಅಜ್ಜನಾ? ಅಲ್ಲಿ ಬೆಂಕಿ ಉಂಟಲ್ಲ. ಬೆಂಕಿ ಇದ್ದಲ್ಲಿ ಜನ ಇರ್ಲೇಬೇಕು."

"ನಾನೂ ಬರ್ತೇನೆ."

"ಅಣ್ಣನ ಮಂಡಿ ನೋಡಿದ್ಯಾ? ಅವ್ರನ್ನು ಒಬ್ರನ್ನೇ ಬಿಡ್ಲಿಕ್ಕೆ ಆಗ್ತದಾ? ಕೂತ್ಕೋ. ಕತ್ತಲಾಗುವುದರ ಒಳಗೆ ಟ್ರಾಕ್ಟರ್ ತರ್ತೇನೆ."

ನಾನು ಅವರ ಅಂಗಿ ಹಿಡಿದೆ. ಅಷ್ಟು ವರ್ಷದಲ್ಲಿ ಭಾವನ ಮೈ ಮುಟ್ಟಿ ತಡೆದದ್ದು ಅದೇ ಮೊದಲು. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಸಿಟ್ಟಿನಿಂದ ಅಲ್ಲ. ಸಣ್ಣ ಬಾಟಲಿಯಲ್ಲಿ ನೀರು ತುಂಬಿಕೊಂಡರು, ತಲೆಗೆ ಟವೆಲು ಸುತ್ತಿಕೊಂಡರು, ಹೊರಟರು.

ಅವರ ಹೆಜ್ಜೆ ಬಿದ್ದಲ್ಲೆಲ್ಲ ಬಿಳಿಯ ಮೇಲೆ ಒಂದು ಒದ್ದೆ ಕಪ್ಪು ಕಲೆ. ಮೊದಲು ಅವರು ಸರಿಯಾಗಿ ಕಾಣುತ್ತಿದ್ದರು. ಆಮೇಲೆ ಕಾಲು ಮಾಯವಾಯಿತು, ಸೊಂಟದ ಮೇಲಿನದ್ದಷ್ಟೇ ನೀರಿನ ಮೇಲೆ ತೇಲಿದ ಹಾಗೆ ಹೋಯಿತು. ಆಮೇಲೆ ಉದ್ದಕ್ಕೆ ಎಳೆದ ಹಾಗೆ ಆದರು, ತಾಳೆಮರದಷ್ಟು ಉದ್ದ. ಮತ್ತೆ ಇಬ್ಬರಾದರು, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ತಲೆಕೆಳಗಾಗಿ. ಧ್ರುವದಲ್ಲಿಯೂ ಇದೇ ಬಿಸಿಲ್ಗುದುರೆ ಇದೆ, ಇಲ್ಲದ ಪರ್ವತ ಕಂಡು ನಕ್ಷೆಯಲ್ಲಿ ಬರೆದವರಿದ್ದಾರೆ. ಎಷ್ಟೋ ಸಲ ರೂಮಿನಲ್ಲಿ ಖುಷಿಯಿಂದ ಹೇಳಿದ್ದೆ. ಈಗ ಅದರೊಳಗೆ ನನ್ನ ಅಕ್ಕನ ಗಂಡ ನಡೆದು ಹೋಗುತ್ತಿದ್ದರು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಲ್ಲ.

ಗಾಡಿಯ ಅಡಿಗೆ ಹೊಕ್ಕುವಷ್ಟು ಜಾಗ ಉಳಿದಿರಲಿಲ್ಲ. ಬಾಗಿಲು ತೆರೆದಿಟ್ಟು, ಅದಕ್ಕೆ ಅಣ್ಣ ಬದಲಿಗೆಂದು ತಂದಿದ್ದ ಲುಂಗಿ ಕಟ್ಟಿ, ಅದರ ನೆರಳಿನಲ್ಲಿ ಕೆಸರಿನ ಮೇಲೆಯೇ ಕೂತೆವು. ಪೆಟ್ಟಿಗೆಯ ಐಸು ಕರಗಿ ನೀರಾಗಿತ್ತು. ಮೀನಿಗೆಂದು ತಂದದ್ದು, ಹಳೆಯ ಮೀನಿನ ವಾಸನೆ. ಅದನ್ನೇ ಗುಟುಕು ಗುಟುಕು ಕುಡಿದೆವು.

"ಏನಾದ್ರೂ ಹೇಳು ತಮಾ" ಎಂದರು ಅಣ್ಣ. "ನಿನ್ನ ಆ ಊರಿನದ್ದೇ ಹೇಳು. ಸುಮ್ಮನೆ ಕೂತ್ರೆ ತಲೆ ಕೆಡ್ತದೆ."

ನಾನು ಹೇಳಿದೆ. ನಮ್ಮ ದೇಶದವರು ಅಲ್ಲಿ ಕಟ್ಟಿದ ಮೊದಲ ಮನೆ ದಕ್ಷಿಣ ಗಂಗೋತ್ರಿ. ಹಿಮದ ಚಪ್ಪಡಿಯ ಮೇಲೆಯೇ ಕಟ್ಟಿದ್ದರು. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ, ವರ್ಷ ವರ್ಷವೂ ಮೇಲೆ ಸೇರುತ್ತ ಹೋಗುತ್ತದೆ. ಮನೆ ಮೆಲ್ಲ ಮೆಲ್ಲ ಕೆಳಗೆ ಹೋಯಿತು. ಬಾಗಿಲು ಮುಚ್ಚಿತು, ಕಿಟಕಿ ಮುಚ್ಚಿತು. ಆಮೇಲೆ ಅದನ್ನು ಬಿಟ್ಟು, ಬಂಡೆ ಇರುವ ಕಡೆ, ಒಂದು ಕೆರೆಯ ದಂಡೆಯಲ್ಲಿ ಮೈತ್ರಿ ಎಂದು ಹೊಸತು ಕಟ್ಟಿದರು. ಹಳೆಯದನ್ನು ಈಗ ಚಾರಿತ್ರಿಕ ಸ್ಥಳ ಎಂದು ಗುರುತು ಮಾಡಿದ್ದಾರೆ.

"ಮನೆ ಎಲ್ಲುಂಟು ಈಗ?"

"ಹಿಮದ ಒಳಗೆ ಅಣ್ಣ. ಮೇಲಿಂದ ಕಾಣುವುದಿಲ್ಲ."

ಅಣ್ಣ ಗಾಡಿಯನ್ನು ನೋಡಿದರು. ನಾವು ಕೂತ ಮೇಲೆ ಅದು ಇನ್ನಷ್ಟು ಇಳಿದಿತ್ತೋ ಏನೋ. ಆಮೇಲೆ ಕೈಯಿಂದ ಕೆಸರು ಒತ್ತಿ ನೋಡುತ್ತ ತಮಗೇ ಎಂಬ ಹಾಗೆ ಹೇಳಿದರು:

"ನಮ್ಮಲ್ಲಿ ಮಳೆ ನಿಂತ ಮೇಲೆ ಆಗರದ ನೆಲ ತುಳೀತಾರೆ. ಗಂಡಸ್ರು, ಹೆಂಗಸ್ರು, ಎಲ್ಲ ಸಾಲಾಗಿ ನಿಂತು. ಕೆಸರನ್ನ ತುಳದು, ಒಣಗ್ಸಿ, ಮತ್ತೆ ತುಳದು. ಅಪ್ಪನ ಹಿಮ್ಮಡಿ ನೋಡ್ಬೇಕಿತ್ತು ನೀನು, ಕಲ್ಲೇ. ಅಷ್ಟು ತುಳದ ಮೇಲೆ ಗಟ್ಟಿ ಆಗೂದು. ಉಪ್ಪು ಇತ್ತು ಅಂದ್ರೆ ನೆಲ ತುಳದದ್ದೇ ಅಂದ್ಕೊಂಡೆ ನಾನು. ಇಲ್ಲಿ ಯಾರು ತುಳೀತಾರೆ ತಮಾ? ಇಲ್ಲಿ ಯಾರ ಅಪ್ಪ ತುಳದಿದ್ದ?"

ಹಿಮ ಎಂದುಕೊಂಡು ನಾನು ಕುಣಿದೆ, ಆಗರ ಎಂದುಕೊಂಡು ಅವರು ಅಭಯ ಕೊಟ್ಟರು. ನಡೆದು ಹೋದದ್ದು ಮಾತ್ರ ಭಾವ.

ಬಿಸಿಲು ವಾಲಿತು. ಚಿಮಣಿಯ ಬೆಂಕಿ ಎಲ್ಲಿದೆ ಎಂದು ನೋಡಿದರೆ ಇಲ್ಲ. ಆವಿಯೆದ್ದು ದಿಗಂತವೆಲ್ಲ ಹಾಲು ಚೆಲ್ಲಿದ ಹಾಗೆ ಆಗಿತ್ತು. ನಮಗೆ ಕಾಣದಿದ್ದರೆ ಭಾವನಿಗೂ ಕಾಣುತ್ತಿರಲಿಕ್ಕಿಲ್ಲ. ಹಾಗಾದರೆ ಅವರು ಏನನ್ನು ನೋಡಿಕೊಂಡು ನಡೆಯುತ್ತಿದ್ದಾರೆ? ಈ ಯೋಚನೆ ಬಂದ ಮೇಲೆ ನನಗೆ ಕೂರಲಿಕ್ಕೆ ಆಗಲಿಲ್ಲ. ಎದ್ದು ಅವರ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹೊರಟೆ. ಹಿಂದಿನಿಂದ ಅಣ್ಣ ಕುಂಟುತ್ತ ಓಡಿಬಂದು ನನ್ನ ಕುತ್ತಿಗೆಯ ಹಿಂದೆ ಅಂಗಿ ಹಿಡಿದರು.

"ಎಲ್ಲಿಗೆ?"

"ಬಿಡಿ ಅಣ್ಣ!"

"ನೀನೂ ಹೋದ್ರೆ ನಿನ್ನ ಅಕ್ಕನಿಗೆ ನಾ ಎರಡು ಸಲ ಹೇಳೂಕೆ ಬೇಕು. ನನ್ನ ಕೈಲಿ ಒಂದು ಸಲ ಹೇಳೂಕೇ ಆಗೂದಿಲ್ಲ."

ನಾನು ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕೂತು ಭಾವಾ ಎಂದು ಕೂಗಿದೆ. ಆ ಬಯಲಿನಲ್ಲಿ ಕೂಗು ಎಲ್ಲಿಗೂ ಹೋಗುವುದಿಲ್ಲ. ತಾಗಿ ಹಿಂದೆ ಬರಲಿಕ್ಕೆ ಒಂದು ಗೋಡೆಯಾದರೂ ಬೇಕಲ್ಲ. ಬಾಯಿಯಿಂದ ಹೊರಬಿದ್ದು ಅಲ್ಲಿಯೇ ಮುಗಿಯುತ್ತದೆ. ಗಂಟಲು ಹರಿಯುವವರೆಗೆ ಕೂಗಿದೆ. ದೇವರುಗಳ ಹೆಸರೆಲ್ಲ ಹೇಳಿದೆ, ಅಕ್ಕ ಹರಕೆ ಹೊರುವ ದೈವಗಳ ಹೆಸರನ್ನೂ.

ಹಿಮದಲ್ಲಿ ಹೋದವರು ದಾರಿಯುದ್ದಕ್ಕೂ ಕಪ್ಪು ಬಾವುಟ ನೆಡುತ್ತಿದ್ದರು, ಬಿಳಿಯಲ್ಲಿ ಕಪ್ಪು ಮಾತ್ರ ದೂರಕ್ಕೆ ಕಾಣುತ್ತದೆ ಎಂದು. ನಮ್ಮ ಹತ್ತಿರ ಕಪ್ಪು ಏನಿದೆ? ಸ್ಟೆಪ್ನಿ ಟೈರು! ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ ಎಂದು ತಲೆ ಚಚ್ಚಿಕೊಂಡೆ. ಇಳಿಸಿ, ದೂರಕ್ಕೆ ಉರುಳಿಸಿ, ಸ್ಟೋವಿನ ಸೀಮೆಎಣ್ಣೆ ಪೂರ್ತಿ ಸುರಿದೆ. ಮೊದಲು ಎಣ್ಣೆ ಮಾತ್ರ ಉರಿದು ಆರಿತು. ಅಣ್ಣ ತಮ್ಮ ಅಂಗಿ ಬಿಚ್ಚಿ ಟೈರಿನೊಳಗೆ ತುರುಕಿದರು, ನಾನು ಗಾಡಿಯ ಸೀಟಿನ ಸ್ಪಂಜು ಹರಿದು ತಂದೆ. ಆಮೇಲೆ ಹಿಡಿಯಿತು. ಹೊಗೆ ಎದ್ದಿತು, ದಪ್ಪ, ಕಪ್ಪು. ಆಳೆತ್ತರ ಏರಿತೋ ಇಲ್ಲವೋ, ಗಾಳಿ ಅದನ್ನು ನೆಲಕ್ಕೆ ಒತ್ತಿ ಎಳೆದುಕೊಂಡು ಹೋಯಿತು, ಭಾವ ಹೋದ ದಿಕ್ಕಿಗೆ ಅಲ್ಲ, ರಸ್ತೆಯ ದಿಕ್ಕಿಗೆ.

ಅದರಿಂದಲೇ ನಾವು ಉಳಿದೆವು. ಟೈರು ಮುಕ್ಕಾಲು ಉರಿದಿರಬೇಕು, ನಾವು ಬಂದ ಕಡೆಯಿಂದ ಹಾರ್ನ್ ಕೇಳಿತು. ದೂರದಲ್ಲಿ, ಗಟ್ಟಿ ನೆಲದ ಅಂಚಿನಲ್ಲಿ, ಒಂದು ಬಿಳಿ ಪಿಕಪ್ಪು. ಅದರ ಪಕ್ಕ ಉದ್ದ ಅಂಗಿಯ ಒಬ್ಬ ಮುದುಕ, ಮರುಭೂಮಿಯಲ್ಲಿ ಒಂಟೆ ಸಾಕುವವನು. ಎರಡೂ ಕೈ ಎತ್ತಿ, ಬನ್ನಿ, ಬಂದ ಗುರುತಿನ ಮೇಲೆಯೇ ಬನ್ನಿ ಎಂದು ಸನ್ನೆ ಮಾಡುತ್ತಿದ್ದ. ಅಣ್ಣನ ಕೈಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ.

"ಸಬ್ಖಾ! ಸಬ್ಖಾ!" ಮುದುಕ ಬೈದ. ನಮಗೆ ಹುಚ್ಚು ಎಂದು ತಲೆ ಮುಟ್ಟಿ ತೋರಿಸಿದ.

ನನ್ನ ಅಂಗಡಿ ಅರೆಬಿಯೆಲ್ಲ ಒಟ್ಟಿಗೆ ಬಾಯಿಗೆ ಬಂತು. ಒಂದು ನಫರ್, ಇನ್ನೊಬ್ಬ ಮನುಷ್ಯ, ಆ ಕಡೆ, ನಡೆದು, ನೀರು ಮಾಫಿ, ನೀರು ಇಲ್ಲ. ಅವನ ಮುಖ ಬದಲಾಯಿತು. ಸೂರ್ಯನನ್ನು ನೋಡಿದ. "ಯಲ್ಲಾ" ಎಂದು, ಹೊರಡಿ ಎನ್ನುವ ಹಾಗೆ ಕೈ ಬೀಸಿ ಗಾಡಿ ಹತ್ತಿದ.

ಅವನು ಬಯಲಿನೊಳಗೆ ಇಳಿಯಲೇ ಇಲ್ಲ. ಅಂಚು ಹಿಡಿದು, ಬಣ್ಣ ನೋಡಿಕೊಂಡು ಸುತ್ತಿದ. ಎಲ್ಲಿ ಕಂದು, ಎಲ್ಲಿ ಬೂದು ಎಂದು ಅವನಿಗೆ ಗೊತ್ತಿತ್ತು, ನನಗೆ ಎಲ್ಲವೂ ಬಿಳಿ. ಸೂರ್ಯ ಕೆಳಗೆ ಬಂದದ್ದರಿಂದ ಹೆಜ್ಜೆಗಳಿಗೆ ನೆರಳು ಬಿದ್ದು ದೂರದಿಂದಲೇ ಕಂಡವು. ಮುದುಕ ಗಾಡಿ ನಿಲ್ಲಿಸಿ ಬೆರಳು ತೋರಿಸಿದ. ಹೆಜ್ಜೆಯ ಸಾಲು ಚಿಮಣಿಯ ಕಡೆಗೆ ಹೋಗಿರಲಿಲ್ಲ. ಬಲಕ್ಕೆ ವಾಲುತ್ತ, ವಾಲುತ್ತ, ದೊಡ್ಡ ಬಿಲ್ಲಿನ ಹಾಗೆ ಬಾಗಿ, ಸಬ್ಖಾದ ಒಳಗೇ ತಿರುಗಿತ್ತು.

ಮುದುಕ ಗಾಡಿಯಲ್ಲಿದ್ದ ಒಂಟೆ ಕೋಲು ಕೊಟ್ಟ. ನಾನೂ ಅವನೂ ಚುಚ್ಚಿ ಚುಚ್ಚಿ ನೋಡುತ್ತ ಹೆಜ್ಜೆಯ ಹಿಂದೆ ಹೋದೆವು. ಒಂದು ಕಡೆ ಖಾಲಿ ಬಾಟಲಿ. ಇನ್ನೊಂದು ಕಡೆ ತೊಡೆಯವರೆಗೆ ಹೂತು ಎದ್ದ ಗುಂಡಿ, ಪಕ್ಕದಲ್ಲಿ ಒಂದು ಚಪ್ಪಲಿ. ಅಲ್ಲಿಂದ ಮುಂದೆ ಕೈಯ ಗುರುತೂ ಇತ್ತು. ನನಗೆ ಆ ಕೈಯ ಗುರುತು ನೋಡಲಿಕ್ಕೆ ಆಗಲಿಲ್ಲ. ಮುದುಕನ ಬೆನ್ನು ಮಾತ್ರ ನೋಡುತ್ತ ನಡೆದೆ, ಇನ್ನೊಂದು ಹೆಜ್ಜೆಗೆ ಅವನು ನಿಂತುಬಿಟ್ಟರೆ ಎಂದು ಹೆದರುತ್ತ.

ಅವನು ನಿಂತ. ಭಾವ ಕೂತಿದ್ದರು. ಟವೆಲು ಇಲ್ಲ, ಅಂಗಿ ಇಲ್ಲ, ತುಟಿ ಒಡೆದು ಬಿಳಿ ಹಿಡಿದಿತ್ತು. ಬೆವರು ಪೂರ್ತಿ ನಿಂತು ಹೋಗಿ ಮೈ ಕಾದ ಕಾವಲಿಯ ಹಾಗೆ ಇತ್ತು. ಕಣ್ಣು ತೆರೆದಿತ್ತು. ಅವರು ಕೂತದ್ದು ಚಿಮಣಿಗಿಂತ ನಮ್ಮ ಗಾಡಿಗೇ ಹತ್ತಿರ. ನಾವು ಉರಿಸಿದ ಟೈರಿನ ಕೊನೆಯ ಹೊಗೆ ಅಲ್ಲಿಂದ ಕಾಣುತ್ತಿತ್ತು. ಅವರು ಅದಕ್ಕೆ ಬೆನ್ನು ಹಾಕಿದ್ದರು.

"ಭಾವ, ನಾನು. ನಾನು ಭಾವ."

ಗುರುತು ಸಿಗಲಿಲ್ಲ. ಮುದುಕ ತಲೆಯ ಮೇಲೆ ನೀರು ಸುರಿದ, ಬಾಯಿಗೆ ಬೆರಳಿನಿಂದ ಹನಿ ಹನಿ ಬಿಟ್ಟ. ಎತ್ತಲು ಹೋದಾಗ ಭಾವ ನಮ್ಮನ್ನು ಹೊಡೆದರು. ಆ ಮೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. ನನ್ನ ಎದೆಗೆ ಗುದ್ದಿ ಎದ್ದು ನಿಂತು, ಏನೂ ಇಲ್ಲದ ಕಡೆಗೆ ಕೈ ತೋರಿಸಿ, ತುಳುವಿನಲ್ಲಿ, ಇಗೋ ಇಲ್ಲಿಯೇ ಉಂಟು, ಬಿಡಿ, ಮುಟ್ಟಿತು ಎಂದರು. ಎರಡು ಹೆಜ್ಜೆ ಹೋಗಿ ಬಿದ್ದರು. ಮುದುಕ ಕಾಲು ಹಿಡಿದ, ನಾನು ಕಂಕುಳಿಗೆ ಕೈ ಹಾಕಿದೆ. ಇಬ್ಬರೂ ಮೊಣಕಾಲಿನವರೆಗೆ ಹೂಳುತ್ತ, ಏಳುತ್ತ, ಅವರನ್ನು ಎಳೆದುಕೊಂಡು ಬಂದೆವು. ಅಂಚಿನಲ್ಲಿ ಅಣ್ಣ ಬರಿಮೈಯಲ್ಲಿ ನಿಂತು ದೊಡ್ಡದಾಗಿ ಅಳುತ್ತಿದ್ದರು.

ಅವರು ಬದುಕಿದರು. ಆಸ್ಪತ್ರೆಯಲ್ಲಿ ಬಹಳ ದಿನ ಇದ್ದರು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು, ಗಾಡಿ ಓಡಿಸಲಿಕ್ಕೆ ಕೈ ಗಟ್ಟಿ ನಿಲ್ಲುವುದಿಲ್ಲ ಎಂದಾಯಿತು. ಕಂಪನಿ ಊರಿಗೆ ಕಳಿಸಿತು. ನಾನು ರಜೆಯಲ್ಲಿ ಹೋದಾಗೆಲ್ಲ ಅವರು ಜಗಲಿಯಲ್ಲಿ ಕೂತು, ಬಂದವರಿಗೆಲ್ಲ ಆ ದಿನದ ಕತೆ ಹೇಳುತ್ತಾರೆ. ಬೆಂಕಿ ಎಷ್ಟು ಹತ್ತಿರ ಬಂದಿತ್ತು, ಅಲ್ಲಿನ ಜನರ ಮಾತು ಕೂಡ ಹೇಗೆ ಕೇಳುತ್ತಿತ್ತು ಎಂದು ವರ್ಣಿಸುತ್ತಾರೆ.

"ಇನ್ನೊಂದು ಸ್ವಲ್ಪ ನಡೆದಿದ್ರೆ ಮುಟ್ತಿದ್ದೆ ನಾನು" ಎನ್ನುತ್ತಾರೆ. "ಇವ ಬಂದು ಹಿಡ್ಕೊಂಡ. ಅಲ್ವಾ ಮಾರಾಯ?"

ಅಕ್ಕ ಒಳಗಿಂದ ಬಂದು ಬಾಗಿಲಿಗೆ ಒರಗಿ ನನ್ನ ಮುಖ ನೋಡುತ್ತಾಳೆ. ಆ ಹೆಜ್ಜೆಗಳು ಎಲ್ಲಿಗೆ ತಿರುಗಿದ್ದವು ಎಂದು ನಾನು ಅವಳಿಗೂ ಹೇಳಿಲ್ಲ.

"ಹೌದು ಭಾವ" ಎನ್ನುತ್ತೇನೆ. "ಹತ್ತಿರವೇ ಇತ್ತು."